ಹನುಮಕ್ಕ ಯಾರಿಗೂ ಕೊಡದ ಗಿಡಗಳು

ನೌಕರಿಗೆ ಸೇರಿದ ಮೊದಲ ಬೇಸಿಗೆಯಲ್ಲೇ ನಾನು ನಾಲ್ಕು ಪಾತಿ ಸಸಿಗಳನ್ನು ಕೀಳಿಸಿ ಬಿಸಾಡಿಸಿದವನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅರಣ್ಯದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಆಂಧ್ರದ ಗಡಿಯ ಮಡಕಶಿರಾದ ನನ್ನ ಮನೆಗೆ ಬರುತ್ತಾರೆ. 'ನಿಮ್ಮ ಅನುಭವ ಹೇಳಿ ಸಾರ್' ಎಂದು ಕೂತಾಗ ಅವರ ಮುಖ ನೋಡಿದರೆ, ನಾನು ಹುಟ್ಟುತ್ತಲೇ ಗಿಡಮರಗಳ ಹೆಸರು ಹೇಳಿಕೊಂಡು ಬಂದವನು ಎಂದುಕೊಂಡಂತಿರುತ್ತದೆ. ಆ ಭ್ರಮೆ ಬಿಡಿಸಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ವಿಷಯ ಇದರಲ್ಲಿ ಬರುವುದಿಲ್ಲ. ಅದು ನನಗೆ ಬರುವ ಹೊತ್ತಿಗೆ ತಲೆಯ ಕೂದಲು ಹೋಗಿತ್ತು. ಬರೆಯಬೇಕಾದದ್ದು ಜಾಲಿಯ ಎಲೆಗಳ ವಿಷಯ, ಮತ್ತು ಎಲೆ ನೋಡುವುದನ್ನು ನನಗೆ ಕಲಿಸಿದ ಇಬ್ಬರ ವಿಷಯ.

ಮೊದಲು ನನ್ನನ್ನು ಹಾಕಿದ್ದು ರಾಯದುರ್ಗದ ಕಡೆಯ ನರ್ಸರಿಗೆ. ಬೋಳುಗುಡ್ಡಗಳ ಮೇಲೆ ನೆಡಲು ಆಸ್ಟ್ರೇಲಿಯಾ ತುಮ್ಮದ ಸಸಿ ಬೆಳೆಸಬೇಕೆಂದು ಮೇಲಿನಿಂದ ಹುಕುಂ ಬಂದಿತ್ತು. ತೆಲುಗಿನ ತುಮ್ಮ ಎಂದರೆ ನಮ್ಮ ಜಾಲಿ. ಆದರೆ ಈ ಪರದೇಶಿ ಜಾಲಿಗೆ ಮುಳ್ಳಿಲ್ಲ, ನಮ್ಮ ಜಾಲಿಗಳ ಗರಿಯಂಥ ಎಲೆಯೂ ಇಲ್ಲ. ಕುಡುಗೋಲಿನಂತೆ ಬಾಗಿದ ಉದ್ದನೆಯ ದಪ್ಪ ಎಲೆ. ರಸ್ತೆ ಬದಿಯಲ್ಲಿ ಬೆಳೆದು ನಿಂತ ಮರಗಳನ್ನು ನಾನು ನೋಡಿದ್ದೆ. ನನ್ನ ವಿದ್ಯೆ ಅಷ್ಟೇ.

ಬೀಜಕ್ಕೆ ಬಿಸಿನೀರು ಹಾಕಿ, ನೆನೆಸಿ, ಮಣ್ಣು ತುಂಬಿದ ಪ್ಲಾಸ್ಟಿಕ್ ಕವರುಗಳಲ್ಲಿ ಊರಿದೆವು. ಹತ್ತು ಹದಿನೈದು ದಿನಕ್ಕೆ ಸಸಿ ಎದ್ದವು. ಎದ್ದವು ನೋಡಿ, ಒಂದೊಂದೂ ಗರಿಗರಿ ಎಲೆ ಬಿಟ್ಟುಕೊಂಡು, ಥೇಟು ಹೊಲದ ಬದುವಿನಲ್ಲಿ ಹುಟ್ಟುವ ಬಳ್ಳಾರಿ ಜಾಲಿಯ ಹಾಗೆ. ಬಳ್ಳಾರಿ ಜಾಲಿ ಎಂದರೆ ನಮ್ಮ ಸೀಮೆಗೆ ಹತ್ತಿದ ಕಜ್ಜಿ. ಅದನ್ನು ಸರ್ಕಾರದ ನೀರು ಹಾಕಿ ಬೆಳೆಸುವುದುಂಟೇ? ಬೀಜ ಬೆರಕೆಯಾಗಿದೆ ಎಂದು ತೀರ್ಮಾನ ಮಾಡಿಬಿಟ್ಟೆ. ಬಸಪ್ಪ ಎಂಬ ಹಳೆಯ ಮಾಲಿ ಇದ್ದ. ಅವನು ಕೈಯಲ್ಲಿ ನೀರಿನ ಡಬ್ಬ ಹಿಡಿದುಕೊಂಡೇ ಹೇಳಿದ:

"ಸಾಹೇಬ್ರ, ಕೀಳಸಬ್ಯಾಡ್ರಿ. ಇನ್ನೊಂದು ಎಂಟ್ ದಿನ ನೋಡೂಣ್ರಿ. ಎಲಿ ಇನ್ನೂ ಕೂಸೈತ್ರಿ."

ಅವನ ಮಾತು ನನಗೆ ಸೋಮಾರಿಯ ನೆವದಂತೆ ಕೇಳಿಸಿತು. ನನಗಾಗ ಇಪ್ಪತ್ತನಾಲ್ಕು ವಯಸ್ಸು, ಮೈಮೇಲೆ ಹೊಸ ಖಾಕಿ. ನಿಂತು ಕೀಳಿಸಿದೆ. ನಾಲ್ಕು ಪಾತಿಯ ಸಸಿಗಳು ನೀರಿನ ತೊಟ್ಟಿಯ ಪಕ್ಕದಲ್ಲಿ ರಾಶಿಯಾಗಿ ಬಿದ್ದವು. ಬಸಪ್ಪ ನೀರಿನ ಡಬ್ಬ ಹಿಡಿದುಕೊಂಡು ಮುಂದಿನ ಪಾತಿಗೆ ಹೋದ. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ.

ಮೂರು ವಾರ ಕಳೆದು ರೇಂಜರ್ ಸಾಹೇಬರು ತಪಾಸಣೆಗೆ ಬಂದರು. ಕರಾವಳಿ ಆಂಧ್ರದವರು. ದಪ್ಪ ಆಳು, ಜೀಪಿನಿಂದ ಇಳಿಯುವುದೇ ಒಂದು ಕೆಲಸ. ನಮ್ಮಲ್ಲಿಗೆ ಬಂದ ಮೇಲೆ ಕನ್ನಡ ಕಲಿತು ತೆಲುಗಿನ ಜೊತೆ ಕಲಸಿ ಮಾತಾಡುತ್ತಿದ್ದರು. ನಾನು ಬೆರಕೆ ಬೀಜ ಪತ್ತೆ ಮಾಡಿದ ಸಾಹಸವನ್ನು ವರದಿ ಮಾಡಿದೆ. ಶಹಬ್ಬಾಸ್ ಸಿಗುತ್ತದೆಂದು ಖಾತ್ರಿಯಿತ್ತು. ಅವರು ರಾಶಿಯ ಹತ್ತಿರ ಹೋಗಿ ಕಷ್ಟಪಟ್ಟು ಕುಕ್ಕರಗಾಲಲ್ಲಿ ಕೂತರು. ತೊಟ್ಟಿಯಿಂದ ಸೋರುವ ನೀರಿಗೆ ಅಲ್ಲೊಂದು ಇಲ್ಲೊಂದು ಸಸಿ ಬದುಕಿಕೊಂಡಿತ್ತು. ಒಂದನ್ನು ಎತ್ತಿ ನನ್ನ ಕೈಗೆ ಕೊಟ್ಟರು.

ಆ ಸಸಿಯನ್ನು ನಾನು ಈಗಲೂ ಕಣ್ಣು ಮುಚ್ಚಿಕೊಂಡೇ ಬರೆದು ತೋರಿಸಬಲ್ಲೆ. ಬುಡದಲ್ಲಿ ಗರಿ ಎಲೆ. ಅದರ ಮೇಲಿನದೂ ಗರಿ ಎಲೆಯೇ, ಆದರೆ ಅದರ ತೊಟ್ಟು ಕೊಂಚ ಚಪ್ಪಟೆ. ಅದರ ಮೇಲೆ ತೊಟ್ಟು ಇನ್ನೂ ಅಗಲವಾಗಿ, ತುದಿಯಲ್ಲಿ ಮಾತ್ರ ಸಣ್ಣದೊಂದು ಗರಿ ನೇತಾಡುತ್ತಿತ್ತು. ತುತ್ತತುದಿಯಲ್ಲಿ ಗರಿಯೇ ಇಲ್ಲ, ಕುಡುಗೋಲಿನಂಥ ಎಲೆ. ಅಂದರೆ ನಾನು ಎಲೆ ಎಂದುಕೊಂಡಿದ್ದು ಎಲೆಯೇ ಅಲ್ಲ, ಅಗಲವಾದ ತೊಟ್ಟು. ಗಿಡ ಮೊದಲು ಅಜ್ಜನ ಕಾಲದ ಗರಿ ಎಲೆ ಬಿಟ್ಟು, ಆಮೇಲೆ ಅದನ್ನು ಕಳಚಿ, ಬರೀ ತೊಟ್ಟಿನಿಂದಲೇ ಬದುಕು ನಡೆಸುತ್ತದೆ. ಸಾಹೇಬರು ಬೈಯಲಿಲ್ಲ. "ಮೊದಲು ಚೂಡು, ಆಮೇಲೆ ಪೇರು," ಎಂದರು. ಮೊದಲು ನೋಡು, ಹೆಸರಿಡುವುದು ಆಮೇಲೆ. ಉಳಿದ ಸಸಿಗಳನ್ನು ಆರಿಸಿ ಕವರಿಗೆ ಹಾಕಿಸಿದರು. ಅವುಗಳಲ್ಲಿ ಒಂದನ್ನು ದಿನಾ ಬೆಳಿಗ್ಗೆ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯಬೇಕೆಂದು ನನಗೆ ಶಿಕ್ಷೆ ವಿಧಿಸಿದರು. ಒಂದು ತಿಂಗಳು ಬರೆದೆ. ನನ್ನ ಇಡೀ ನೌಕರಿಯಲ್ಲಿ ಅಂಥ ಒಳ್ಳೆಯ ಶಿಕ್ಷೆ ಮತ್ತೆ ಸಿಗಲಿಲ್ಲ.

ಬಸಪ್ಪನ ಹತ್ತಿರ ಹೋಗಿ ತಪ್ಪಾಯಿತು ಎಂದೆ. "ಇರ್ಲಿ ಬಿಡ್ರಿ, ನನಗೂ ಗೊತ್ತಿರ್ಲಿಲ್ರಿ. ಕೂಸು ಐತಿ ಅಂತ ಅಷ್ಟ ಗೊತ್ತಿತ್ತು," ಎಂದು ಬೀಡಿ ಹಚ್ಚಿದ.

ಆಮೇಲೆ ನನಗೆ ಎಲೆಯ ಹುಚ್ಚು ಹಿಡಿಯಿತು. ಪರದೇಶಿ ಜಾಲಿಗಳಲ್ಲೇ ಮೂರು ಬಗೆ ಬಂದವು. ಮೂರೂ ಒಂದೇ ಎನ್ನುವ ಅಧಿಕಾರಿಗಳೂ ಬಂದರು. ಕುಡುಗೋಲೆಲೆಯದು ಎರಡು ಬೆರಳಿನಷ್ಟು ಅಗಲ, ಉದ್ದಕ್ಕೆ ಮೂರು ದಪ್ಪ ನರ ಎದ್ದು ಕಾಣುತ್ತವೆ. ಇನ್ನೊಂದರದು ಅಂಗೈಯಷ್ಟು ಅಗಲ, ಬುಡದಿಂದಲೇ ನಾಲ್ಕು ನರ ಹೊರಡುತ್ತವೆ. ಮೂರನೆಯದು ಬೂದಿ ಬಳಿದಂತೆ ಬೆಳ್ಳಗೆ, ಸವರಿದರೆ ರೇಷ್ಮೆ. ಅಂಗೈಯಗಲದ ಎಲೆಯದು ಮಳೆಸೀಮೆಯ ಮರ, ರಾಯದುರ್ಗದ ಗಾಳಿಗೆ ತಡೆಯುವುದಲ್ಲ. ಎಲೆ ದೊಡ್ಡದಿದ್ದರೆ ಮರ ಬೇಗ ಬೆಳೆಯುತ್ತದೆ ಎಂದು ವಾದಿಸಿ ಅದನ್ನೇ ಗುಡ್ಡಕ್ಕೆ ಹಾಕಿಸಿದ ಒಬ್ಬ ಸಾಹೇಬರಿದ್ದರು. ಎರಡು ಬೇಸಿಗೆಗೆ ಅಲ್ಲಿ ಉಳಿದದ್ದು ಗುಂಡಿಗಳು ಮಾತ್ರ. ಆ ವೇಳೆಗೆ ಸಾಹೇಬರಿಗೂ ವರ್ಗವಾಗಿತ್ತು.

ಈಗಿನ ಮಕ್ಕಳು ಮೊಬೈಲು ಹಿಡಿದು ಎಲೆಯ ಫೋಟೋ ತೆಗೆದರೆ ಹೆಸರು ಬರುತ್ತದೆ. ಒಳ್ಳೆಯದೇ. ನನ್ನ ಮೊಬೈಲಿಗೂ ಆ ಹುಡುಗಿಯರಲ್ಲಿ ಒಬ್ಬಳು ಆ ಆ್ಯಪ್ ಹಾಕಿಕೊಟ್ಟಿದ್ದಾಳೆ, ಸಂತೆಗೆ ಹೋದಾಗಲೂ ಸೊಪ್ಪಿನ ಫೋಟೋ ತೆಗೆದು ಪರೀಕ್ಷೆ ಮಾಡುತ್ತೇನೆ. ಆದರೆ ಅದು ಒಂದು ಎಲೆಗೆ ಮೂರು ಹೆಸರು ತೋರಿಸಿ, ಆರಿಸಿಕೋ ಎನ್ನುತ್ತದೆ. ಆರಿಸುವುದು ನೀವೇ. ಆಗ ಎಣಿಸಲು ಬರಬೇಕು. ನಮ್ಮ ನಾಡಜಾಲಿಗಳ ಎಲೆಗೆ ನಡುವೆ ಒಂದು ದಂಟು, ದಂಟಿನ ಎರಡೂ ಕಡೆ ಜೊತೆಜೊತೆಯಾಗಿ ಗರಿ, ಗರಿಯ ತುಂಬ ಕಿರುಎಲೆ. ಮೊದಲು ಗರಿಯ ಜೊತೆ ಎಣಿಸಿ. ಒಂದು ಎಲೆಯನ್ನಲ್ಲ, ಬೇರೆ ಬೇರೆ ಕೊಂಬೆಯ ಹತ್ತು ಎಲೆ. ಎಳೆಯ ಎಲೆಯನ್ನು ನಂಬಬೇಡಿ, ಬಲಿತದ್ದನ್ನು ನೋಡಿ. ಈ ಕೊನೆಯ ಮಾತನ್ನು ಇಷ್ಟು ಘಂಟಾಘೋಷವಾಗಿ ಹೇಳುವ ನಾನೇ ಅದರಲ್ಲಿ ಎಡವಿದೆ, ಅದೂ ನಿವೃತ್ತಿಗೆ ನಾಲ್ಕು ವರ್ಷ ಇದ್ದಾಗ.

ಆಗ ಮಡಕಶಿರಾದ ನರ್ಸರಿ ನನ್ನ ಸುಪರ್ದಿನಲ್ಲಿತ್ತು. ಅಲ್ಲಿನ ಜೀವ ಎಂದರೆ ಹನುಮಕ್ಕ. ನನಗಿಂತ ಏಳೆಂಟು ವರ್ಷ ಚಿಕ್ಕವಳು, ತವರು ಅಲ್ಲೇ ಹತ್ತಿರದ ಗುಡಿಬಂಡೆ ಕಡೆಯ ಒಂದು ಹಳ್ಳಿ. ಅವಳದೊಂದು ಪದ್ಧತಿಯಿತ್ತು. ಯಾವ ಪಾತಿಯಿಂದ ಸಸಿಗಳು ಲಾರಿ ಹತ್ತಿದರೂ ಒಂದನ್ನು ಮಾತ್ರ ತೆಗೆದು ಬೇಲಿಯ ಬದಿಗೆ, ಒಡೆದ ಕುಂಡದಲ್ಲೋ ಎಣ್ಣೆ ಡಬ್ಬದಲ್ಲೋ ನೆಟ್ಟುಕೊಳ್ಳುತ್ತಿದ್ದಳು. ಅದನ್ನು ಯಾರಿಗೂ ಕೊಡುತ್ತಿರಲಿಲ್ಲ. ಒಮ್ಮೆ ದೊಡ್ಡ ಅಧಿಕಾರಿಯ ಮನೆಯವರು ಬೇಲಿಸಾಲಿನ ಒಂದು ಗಿಡ ಚೆನ್ನಾಗಿದೆ ಎಂದು ಕೇಳಿದರು. ಹನುಮಕ್ಕ ನಗುನಗುತ್ತಲೇ ಬೇರೆ ನಾಲ್ಕು ಗಿಡ ಕಾರಿಗೆ ಹಾಕಿದಳು, ಅದೊಂದನ್ನು ಬಿಟ್ಟು. ಯಾಕೆ ಎಂದು ಕೇಳಿದರೆ, "ಕೊಟ್ಟಿದ್ದು ಏನಾತು ಅಂತ ನಮಗೂ ಗೊತ್ತಾಗ್ಬೇಕಲ್ವಾ ಸಾರ್? ಹೆಣ್ಣು ಕೊಟ್ಮೇಲೆ ಮನೆ ಮರೆಯಾಕಾಯ್ತದಾ?" ಎಂದಳು. ಯಾವ ತರಬೇತಿಯಲ್ಲೂ ಯಾರೂ ನನಗೆ ಇದನ್ನು ಹೇಳಿಕೊಟ್ಟಿರಲಿಲ್ಲ. ಆ ಬೇಲಿಸಾಲನ್ನು ಕಂಡರೆ ನನಗೆ ನಿಜವಾಗಿ ಗೌರವ ಬರುತ್ತಿತ್ತು.

ಒಂದು ವರ್ಷ ಮುಂಗಾರಿನ ಮೊದಲ ಗಾಳಿಗೆ ಅವಳ ತವರಿನ ಬನ್ನಿಮರ ಬುಡಮೇಲಾಯಿತು. ಬನ್ನಿ ಎಂದು ಒಂದೊಂದು ಕಡೆ ಒಂದೊಂದು ಮರವನ್ನು ಪೂಜಿಸುತ್ತಾರೆ. ನಾನು ಹೇಳುತ್ತಿರುವುದು ನಮ್ಮ ಕಡೆಯ ಬನ್ನಿ, ಜಾಲಿಯ ಬಳಗದ್ದೇ. ಊರಿನವರು ವಿಜಯದಶಮಿಯ ದಿನ ಕಟ್ಟೆಯ ಮೇಲಿನ ಆ ಮರಕ್ಕೆ ಪೂಜೆ ಮಾಡಿ, ಸೊಪ್ಪು ಮುರಿದು ಮನೆಮನೆಗೆ ಒಯ್ದು ಹಿರಿಯರಿಗೆ ಕೊಟ್ಟು ಕಾಲಿಗೆರಗುತ್ತಾರೆ. ಕಟ್ಟೆ ನೋಡಿಕೊಳ್ಳುತ್ತಿದ್ದವನು ಹನುಮಕ್ಕನ ಅಣ್ಣ ರಂಗಪ್ಪ. ಅವನು ಸಸಿ ಕೇಳಿಕೊಂಡು ನರ್ಸರಿಗೇ ಬಂದ.

ನಮ್ಮಲ್ಲಿ ಬನ್ನಿಯ ಪಾತಿ ಸಿದ್ಧವಿತ್ತು. ಬೀಜ ತಂದವನು ನಾನೇ. ಶಿವರಾತ್ರಿಯ ಹೊತ್ತಿಗೆ ನಮ್ಮ ಹತ್ತಿರದ ರತ್ನಗಿರಿಯ ಕೋಟೆಗುಡ್ಡ ಹತ್ತಿ, ಒಣಗಿದ ಕಾಯಿ ಚೀಲಕ್ಕೆ ತುಂಬಿಕೊಂಡು ಬಂದಿದ್ದೆ. ಆ ಕಾಲದಲ್ಲಿ ಮರಗಳ ಮೇಲೆ ಎಲೆ ಇರುವುದಿಲ್ಲ. ಮಳೆಗಾಲದಲ್ಲಿ ಗುರುತಿಟ್ಟುಕೊಂಡ ಮರ ಇದೇ ಎಂಬ ಧೈರ್ಯದ ಮೇಲೆ ಕಿತ್ತಿದ್ದೆ. ಹಲಗೆಯ ಮೇಲೆ 'ಬನ್ನಿ' ಎಂದು ಬರೆದು ನೆಟ್ಟವನೂ ನಾನೇ. ಹನುಮಕ್ಕ ಪಾತಿಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಸಸಿಯನ್ನು ಆರಿಸಿ ಅಣ್ಣನ ಕೈಗಿಟ್ಟಳು. ಪದ್ಧತಿಯಂತೆ ಒಂದನ್ನು ಬೇಲಿಗೆ ಇಟ್ಟುಕೊಂಡಳು. ಅದೇ ಸಮಯದಲ್ಲಿ ಅವಳು ಇನ್ನೊಂದು ಕೆಲಸ ಮಾಡಿದ್ದಳು, ನನಗೆ ಅದು ಆಗ ಗೊತ್ತಿರಲಿಲ್ಲ. ಬಿದ್ದ ಮರ ನೋಡಲು ಹೋದಾಗ ಅದರಲ್ಲಿ ಉಳಿದಿದ್ದ ನಾಲ್ಕು ಒಣಕಾಯಿ ಸೆರಗಿಗೆ ಕಟ್ಟಿಕೊಂಡು ಬಂದು, ತವರಿನ ನೆನಪಿಗೆ ಇರಲಿ ಎಂದು ಊರಿದ್ದಳು. ಎದ್ದದ್ದು ಒಂದೇ ಸಸಿ, ಅದೂ ಹುಲ್ಲುಕಡ್ಡಿಯ ಹಾಗೆ. ಅದು ಎಣ್ಣೆ ಡಬ್ಬದಲ್ಲಿ ಬೇಲಿಸಾಲಿನ ಕೊನೆಗೆ ನಿಂತಿತು.

ಮೂರು ಮಳೆಗಾಲ ಕಳೆದವು. ಹಳ್ಳಿಯಲ್ಲಿ ಹೊಸ ಕಟ್ಟೆ ಕಟ್ಟಿದರು. ಗಿಡ ಎಳೆಯದೆಂದು ಮೂರು ದಸರೆಗೂ ಪಕ್ಕದ ಊರಿನ ಮರದಿಂದ ಸೊಪ್ಪು ತಂದರು. ಬೇರೆ ಊರಿನ ಕಟ್ಟೆಯ ಮುಂದೆ ಕೈಚಾಚಿ ನಿಲ್ಲುವುದು ಅವರಿಗೆ ಸಣ್ಣ ಅವಮಾನವಾಗಿರಲಿಲ್ಲ. ನಾಲ್ಕನೆಯ ದಸರೆಗೆ ನಮ್ಮ ಗಿಡದ್ದೇ ಸೊಪ್ಪು ಎಂದು ರಂಗಪ್ಪ ಊರಿಗೆಲ್ಲ ಸಾರಿದ. ಅದಕ್ಕೆ ಇಪ್ಪತ್ತು ದಿನ ಇರುವಾಗ ಹನುಮಕ್ಕ ನನ್ನ ಮೇಜಿನ ಮೇಲೆ ಎರಡು ಎಲೆ ತಂದಿಟ್ಟಳು.

"ಇದು ನಮ್ಮೂರ ಹಳೇ ಮರದ್ ಸಸೀದು ಸಾರ್, ನಾಕು ಜೊತೆ ಗರಿ. ಇದು ನೀವು ತಂದ್ ಬೀಜದ್ದು, ಹದಿನೈದು ಜೊತೆ ಐತೆ. ಹೋದೊರ್ಸಾನೇ ಅನುಮಾನ ಬಂತು. ಇನ್ನೊಂದು ಮಳೆ ನೋಡಾನ ಅಂತ ಸುಮ್ಕಿದ್ದೆ."

ನೋಡುತ್ತಲೇ ಗೊತ್ತಾಯಿತು. ನನ್ನದು ಕಗ್ಗಲಿ. ಅದೂ ಜಾಲಿಯ ಬಳಗವೇ, ಕಾಯಿ ಹೆಚ್ಚುಕಡಿಮೆ ಬನ್ನಿಯದರಂತೆಯೇ, ಅದೇ ಗುಡ್ಡದಲ್ಲಿ ಬನ್ನಿಯ ಪಕ್ಕದಲ್ಲೇ ಬೆಳೆಯುತ್ತದೆ. ಸಸಿಯಾಗಿದ್ದಾಗ ಅದಕ್ಕೂ ಮೂರು ನಾಲ್ಕೇ ಜೊತೆ ಗರಿ. ಬಲಿತಂತೆ ಗರಿಗಳು ಹೆಚ್ಚಿ, ಕಿರುಎಲೆಗಳು ಎಳ್ಳಿಗಿಂತ ಸಣ್ಣಗಾಗಿ, ಗುಟ್ಟು ಹೊರಬೀಳುತ್ತದೆ. ಬನ್ನಿಯ ಕಿರುಎಲೆ ಅದಕ್ಕಿಂತ ದೊಡ್ಡದು, ಕೊಂಚ ನೀಲಿಯಾಡುವ ಹಸಿರು. ಇಷ್ಟೆಲ್ಲ ತಿಳಿದವನು ನಾನು. ಆದರೂ ಬಾಯಿಂದ ಬಂದ ಮಾತು ಮಾತ್ರ, ಗೊಬ್ಬರ ಹೆಚ್ಚಾಗಿರಬೇಕು ಹನುಮಕ್ಕ, ಅದಕ್ಕೇ ಗರಿ ಜಾಸ್ತಿ, ಎಂದು. ಅಷ್ಟು ವರ್ಷಗಳ ಮೇಲೂ ಮೈಮೇಲಿನ ಖಾಕಿ ಹಳೆಯ ಬುದ್ಧಿ ಬಿಟ್ಟಿರಲಿಲ್ಲ.

ಅವಳು ಎಲೆಗಳನ್ನು ಅಲ್ಲೇ ಬಿಟ್ಟು ಹೊರಟವಳು ಬಾಗಿಲಲ್ಲಿ ನಿಂತು, "ಊರಾಗೆ ಕೇಳೋದು ನನ್ನೇ ಸಾರ್. ಕೈಯಾರೆ ಕೊಟ್ಟೋಳು ನಾನು," ಎಂದಷ್ಟೇ ಹೇಳಿದಳು.

ಎರಡು ದಿನ ನಾನು ಆ ಎಲೆಗಳನ್ನು ಮೇಜಿನಿಂದ ತೆಗೆಯಲೂ ಇಲ್ಲ, ನೋಡಲೂ ಇಲ್ಲ. ನಿವೃತ್ತಿಗೆ ಉಳಿದದ್ದು ಒಂದು ವರ್ಷ. ಹಳ್ಳಿಯವರಿಗೆ ಗೊತ್ತಾಗುವಷ್ಟರಲ್ಲಿ ನಾನು ಮನೆಯಲ್ಲಿರುತ್ತೇನೆ ಎಂಬ ಲೆಕ್ಕಾಚಾರವೂ ತಲೆಯಲ್ಲಿ ಬಂದು ಹೋಯಿತು. ಅದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಮೂರನೆಯ ದಿನ ರಾಯದುರ್ಗದ ಹಳೆಯ ನೋಟ್‌ಬುಕ್ಕು ತೆಗೆದೆ. ಮೊದಲ ಪುಟದಲ್ಲೇ ರೇಂಜರ್ ಸಾಹೇಬರ ಮಾತು ಬರೆದುಕೊಂಡಿದ್ದೆ. ಹನುಮಕ್ಕನನ್ನು ಕರೆದು, ನಾಳೆ ನಿಮ್ಮ ಊರಿಗೆ ಹೋಗೋಣ ಎಂದೆ.

ಗುಡಿಬಂಡೆಯ ಆಟೋದಲ್ಲಿ ಅವಳು ಒಂದು ಗೋಣಿಚೀಲವನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಏನು ಎಂದರೆ ಸಾಮಾನು ಎಂದಳು. ಕಟ್ಟೆಯ ಹತ್ತಿರ ರಂಗಪ್ಪನೂ ನಾಲ್ಕಾರು ಹಿರಿಯರೂ, ನೀರು ತಂದ ಕೆಲವು ಹೆಂಗಸರೂ ಇದ್ದರು. ಗಿಡ ನನಗಿಂತ ಎತ್ತರವಾಗಿತ್ತು. ಕಾಂಡಕ್ಕೆ ಅರಿಸಿನ ಕುಂಕುಮ, ಸುತ್ತ ದಾರ. ನಾನು ಮೊದಲು ಹತ್ತು ಎಲೆ ಕಿತ್ತು ಎಣಿಸಿದೆ. ಎಲ್ಲದರಲ್ಲೂ ಹದಿಮೂರರ ಮೇಲೆ. ಆಮೇಲೆ ಹೇಳಿದೆ, ಇದು ಬನ್ನಿಯಲ್ಲ, ಕಗ್ಗಲಿ.

ರಂಗಪ್ಪ ನನ್ನ ಮುಖ ನೋಡಲಿಲ್ಲ, ತಂಗಿಯ ಕಡೆ ತಿರುಗಿದ.

"ಮೂರ್ ವರ್ಸದಿಂದ ಹೆಣ್ಮಕ್ಳು ಬಿಂದಿಗೆ ಹೊತ್ತು ನೀರಾಕವ್ರೆ. ಏನ್ ಕೊಟ್ಯಮ್ಮ ನೀನು ನಮಗೆ?"

"ಕವರು ಅದ್ಲುಬದ್ಲಾಗಿರ್ಬೇಕಣ್ಣ," ಎಂದಳು ಹನುಮಕ್ಕ, ತಲೆ ತಗ್ಗಿಸಿಕೊಂಡು. "ನಂದೇ ತಪ್ಪು. ಸಾರ್ ಏನ್ ಮಾಡ್ತಾರೆ ಪಾಪ."

ನನ್ನ ಎದೆ ಹಗುರವಾಯಿತು. ನಾಚಿಕೆಯಿಂದ ಹೇಳುತ್ತಿದ್ದೇನೆ, ಒಂದು ಗಳಿಗೆ ನಿಜವಾಗಿಯೂ ಹಗುರವಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯುತ್ತಿತ್ತು. ಆದರೆ ತನ್ನದಲ್ಲದ ತಪ್ಪನ್ನು ಹೊತ್ತುಕೊಂಡು ತವರಿನ ಕಟ್ಟೆಯ ಮುಂದೆ ಹಾಗೆ ನಿಂತ ಆ ಹೆಂಗಸನ್ನು ನೋಡಿಯೂ ಸುಮ್ಮನಿರುವುದು ನನ್ನಿಂದ ಆಗಲಿಲ್ಲ.

"ಇಲ್ಲ ರಂಗಪ್ಪ. ಮರದಲ್ಲಿ ಎಲೆ ಇಲ್ಲದಾಗ ಬೀಜ ತಂದೋನು ನಾನು. ಹಲಗೆ ಬರೆದೋನೂ ನಾನು. ತಪ್ಪು ಕಂಡು ಹಿಡಿದದ್ದು ಮಾತ್ರ ನಿನ್ನ ತಂಗಿ."

ರಂಗಪ್ಪ ಒಂದು ಎಲೆ ಕಿತ್ತು, ಹೇಗೆ ಎಣಿಸುವುದು ತೋರಿಸಿ ಎಂದ. ತೋರಿಸಿದೆ. ಉಗುರಿನಲ್ಲಿ ಒಂದೊಂದೇ ಜೊತೆ ಗರಿ ಸರಿಸುತ್ತ ಎಣಿಸಿದ. ಹೆಂಗಸರೂ ಬಿಂದಿಗೆ ಇಳಿಸಿ ಒಂದೊಂದು ಎಲೆ ಹಿಡಿದರು. ಹದಿನಾಲ್ಕು, ಹದಿನಾರು, ನನ್ನದರಲ್ಲಿ ಹದಿಮೂರು ಎಂದು ಕಟ್ಟೆಯ ಸುತ್ತ ಎಣಿಕೆ ನಡೆಯಿತು. ಅಷ್ಟರಲ್ಲಿ ಹನುಮಕ್ಕ ಗೋಣಿಚೀಲ ಬಿಚ್ಚಿದಳು. ಒಳಗೆ ಎಣ್ಣೆ ಡಬ್ಬ, ಡಬ್ಬದಲ್ಲಿ ಮೊಳಕಾಲುದ್ದದ ಗಿಡ.

"ಇದು ನಮ್ ಬಿದ್ದೋದ್ ಮರದ್ದೇ ಮಗ ಅಣ್ಣ. ಎಣಿಸ್ಕಳಿ."

ರಂಗಪ್ಪ ಎಣಿಸಿದ. ನಾಲ್ಕು ಜೊತೆ. ಇನ್ನೊಂದು ಎಲೆ, ಅದರಲ್ಲೂ ನಾಲ್ಕು. ಅವನು ಡಬ್ಬವನ್ನು ಎರಡೂ ಕೈಯಲ್ಲಿ ಎತ್ತಿ ಕಟ್ಟೆಯ ಮೇಲಿಟ್ಟ. ಬೇಲಿಸಾಲಿನ ಗಿಡವನ್ನು ಯಾರಿಗೂ ಕೊಡದ ಹನುಮಕ್ಕ ಕೊಟ್ಟದ್ದು ನಾನು ಕಂಡಂತೆ ಅದೊಂದನ್ನೇ. ಕಗ್ಗಲಿಯನ್ನು ಕೀಳುವ ಮಾತು ಯಾರೂ ಎತ್ತಲಿಲ್ಲ. ಮೂರು ವರ್ಷ ಕುಂಕುಮ ಹಚ್ಚಿದ ಗಿಡ, ನೆರಳಿಗೆ ಇರಲಿ ಎಂದರು. ಬನ್ನಿಯನ್ನು ಅದೇ ಕಟ್ಟೆಯಲ್ಲಿ, ಮೂಡಣ ದಿಕ್ಕಿಗೆ ನೆಟ್ಟರು. ಗುಂಡಿಗೆ ಮೊದಲ ಬಿಂದಿಗೆ ನೀರನ್ನು ನನ್ನ ಕೈಯಲ್ಲೇ ಹಾಕಿಸಿದರು. ಆ ವರ್ಷವೂ ಸೊಪ್ಪು ಪಕ್ಕದ ಊರಿನಿಂದಲೇ ಬಂತು. ಅದಕ್ಕಾಗಿ ರಂಗಪ್ಪ ನನಗೆ ನಾಲ್ಕು ಮಾತು ಅಂದದ್ದೂ ಉಂಟು. ಅನ್ನಿಸಿಕೊಂಡೆ.

ಹೊಸದಾಗಿ ಸೇರುವವರಿಗೆ ನಾನು ಹೇಳುವುದು ಇಷ್ಟೇ. ಎಲೆ ಇಲ್ಲದ ಮರದಿಂದ ಬೀಜ ತರಬೇಡಿ. ತರಲೇಬೇಕಾದರೆ ಎಲೆಯಿದ್ದಾಗಲೇ ಮರಕ್ಕೆ ಬಣ್ಣದ ಗುರುತು ಹಾಕಿಡಿ. ಪ್ರತಿ ಪಾತಿಯದೂ ಒಂದು ಗಿಡವನ್ನು ಯಾರಿಗೂ ಕೊಡದೆ ಉಳಿಸಿಕೊಳ್ಳಿ. ಮತ್ತು ಮಾಲಿಗಳು ಎಂಟು ದಿನ ನೋಡೋಣ ಎಂದರೆ ಹದಿನೈದು ದಿನ ನೋಡಿ.

ಹೋದ ದಸರೆಗೆ ನನ್ನ ಮನೆಯ ಮುಂದೆ ಗುಡಿಬಂಡೆಯ ಆಟೋ ನಿಂತಿತು. ಡ್ರೈವರು ಬಾಳೆಎಲೆಯಲ್ಲಿ ಸುತ್ತಿದ ಪೊಟ್ಟಣ ಕೊಟ್ಟ. ರಂಗಪ್ಪನ ಊರಿನಿಂದ, ಹೊಸ ಬನ್ನಿಯಿಂದ ಮುರಿದ ಮೊದಲ ಸೊಪ್ಪು. ಹನುಮಕ್ಕ ಹಬ್ಬಕ್ಕೆ ತವರಿಗೆ ಹೋಗಿದ್ದಳಂತೆ, ಒಂದು ಮಾತೂ ಹೇಳಿ ಕಳಿಸಿದ್ದಳು: "ಸಾರ್‌ಗೆ ಹೇಳು, ಎಣಿಸ್ಕಂಡು ತಗಳ್ಳಿ ಅಂತ."

ನನ್ನ ಹೆಂಡತಿ ತಟ್ಟೆ ಹಿಡಿದು ನಿಂತಿದ್ದಳು. ಕನ್ನಡಕ ಹಾಕಿಕೊಂಡು ಎಣಿಸಿದೆ. ನಾಲ್ಕು ಜೊತೆ. ಆಮೇಲೆ ಕಣ್ಣಿಗೊತ್ತಿಕೊಂಡೆ.